ಕೊಳವೆಗೆ ತಕ್ಕ ಬಿದಿರು

ಮೈಸೂರಿನ ರಾಕೆಟ್ ಎಂದ ಕೂಡಲೇ ನಮ್ಮ ಮಾತೆಲ್ಲ ಕಬ್ಬಿಣದ ಕೊಳವೆಯ ಸುತ್ತಲೇ ತಿರುಗುತ್ತದೆ. ಹೈದರ್ ಮತ್ತು ಟಿಪ್ಪುವಿನ ಕುಲುಮೆಗಳು ಕಾಗದದ ಕೊಳವೆಯ ಬದಲು ಕಬ್ಬಿಣದ್ದನ್ನು ಕೊಟ್ಟವು, ಮದ್ದನ್ನು ಇನ್ನಷ್ಟು ಗಟ್ಟಿಯಾಗಿ ತುಂಬಲು ಸಾಧ್ಯವಾಯಿತು, ಬಾಣ ಬಹುದೂರ ಹಾರಿತು. ಎಲ್ಲವೂ ನಿಜ. ಆದರೆ ಆ ಕೊಳವೆಯೊಂದನ್ನೇ ನೆಲಕ್ಕಿಟ್ಟು ಬೆಂಕಿ ಕೊಟ್ಟರೆ ಅದು ಗುರಿಯತ್ತ ಹೋಗುವುದಿಲ್ಲ, ಸಿಕ್ಕತ್ತ ಹೊರಳಾಡುತ್ತದೆ. ಅದನ್ನು ಬಾಣವಾಗಿಸಿದ್ದು ಅದಕ್ಕೆ ಬಿಗಿದ ಬಿದಿರು. ಆ ಬಿದಿರಿಗೆ ನಮ್ಮ ಇತಿಹಾಸದಲ್ಲಿ ಒಂದು ಸಾಲೂ ಸರಿಯಾಗಿ ಸಿಕ್ಕಿಲ್ಲ.

ಇಂಗ್ಲೆಂಡಿನ ವುಲಿಚ್‌ನ ಫಿರಂಗಿದಳದ ಸಂಗ್ರಹಾಲಯದಲ್ಲಿ ಮೈಸೂರಿನ ಎರಡು ರಾಕೆಟ್‌ಗಳು ಉಳಿದುಬಂದವು. ಅವುಗಳ ಅಳತೆಯನ್ನು ನಮ್ಮ ಮುಂದಿಟ್ಟವರು ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ. ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಅವರು 1985ರಲ್ಲಿ ಬರೆದ ಪ್ರಬಂಧ ಇಂದಿಗೂ ಆಧಾರ. ಒಂದರ ಕೊಳವೆ 198 ಮಿಲಿಮೀಟರ್ ಉದ್ದ, 37 ಮಿಲಿಮೀಟರ್ ದಪ್ಪ. ಅದನ್ನು ತೊಗಲಿನ ಪಟ್ಟಿಯಿಂದ ಬಿಗಿದದ್ದು 1.9 ಮೀಟರಿನ ಬಿದಿರಿಗೆ. ಇನ್ನೊಂದರ ಕೊಳವೆ 254 ಮಿಲಿಮೀಟರ್ ಉದ್ದ, 58 ಮಿಲಿಮೀಟರ್ ದಪ್ಪ. ಅದಕ್ಕೆ ಬಿದಿರಿಲ್ಲ, 1.02 ಮೀಟರಿನ ನೇರ ಕತ್ತಿಯ ಅಲಗೇ ಬಾಲ. ಮೊದಲನೆಯದರಲ್ಲಿ ಬಾಲ ಕೊಳವೆಯ ಒಂಬತ್ತೂವರೆ ಪಟ್ಟು, ಎರಡನೆಯದರಲ್ಲಿ ನಾಲ್ಕು ಪಟ್ಟು. ಹಗುರವಾದ ಬಿದಿರು ಉದ್ದವಿರಬೇಕು, ಭಾರವಾದ ಉಕ್ಕು ಗಿಡ್ಡವಿದ್ದರೆ ನಡೆಯುತ್ತದೆ. ಕೈಗೆ ಸಿಕ್ಕಿದ ಕೋಲನ್ನು ಕಟ್ಟಿದವರ ಕೆಲಸದಲ್ಲಿ ಈ ಹೊಂದಾಣಿಕೆ ಕಾಣುವುದಿಲ್ಲ. ಇದು ಬಿಲ್ಲಿಗೆ ಬಾಣ ಹೊಂದಿಸಿದವರ ಲೆಕ್ಕ.

ಆ ಲೆಕ್ಕವನ್ನು ಬಿಲ್ಲಿನಿಂದಲೇ ನೋಡಬೇಕು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಹೊರಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತದ ಕಥೆಗಳಿವೆ. ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿ ಬಿಲ್ಲನ್ನು ಬಾಗಿಸಿ ಕೆತ್ತಿದ, ಬಾಣವನ್ನು ನೆಟ್ಟಗೆ ಕೆತ್ತಿದ. ಕಣ್ಣಿಗೆ ಕಂಡದ್ದು ಹಾಗೆಯೇ. ಆದರೆ ಹೆದೆ ಬಿಟ್ಟ ಮರುಕ್ಷಣ ಬಾಣ ನೆಟ್ಟಗಿರುವುದಿಲ್ಲ. ಹಿಂದಿನಿಂದ ಹೆದೆ ನೂಕುತ್ತದೆ, ಮುಂದೆ ಅಲಗಿನ ಭಾರ ತಡೆಯುತ್ತದೆ, ನಡುವಿನ ಕಡ್ಡಿ ಬಳುಕುತ್ತದೆ. ಹಳೆಯ ಬಗೆಯ ಬಿಲ್ಲಿನಲ್ಲಿ ಬಾಣ ಕೂರುವುದು ಬಿಲ್ಲಿನ ನಟ್ಟನಡುವೆ ಅಲ್ಲ, ಪಕ್ಕದಲ್ಲಿ. ಹೆದೆ ಮಾತ್ರ ನಡುವಿಗೇ ಮರಳುತ್ತದೆ. ಹಾಗಾಗಿ ಬಾಣ ಬಿಲ್ಲಿನ ಮೈಯನ್ನು ಬಳಸಿಕೊಂಡು, ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಬಾಗುತ್ತ, ನೀರಹಾವಿನಂತೆ ದಾಟಿಹೋಗಬೇಕು. 1930ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಸೆರೆಹಿಡಿದ ಮೇಲಷ್ಟೇ ಲೋಕಕ್ಕೆ ಇದು ಕಣ್ಣಾರೆ ಕಂಡಿತು. ಬಾಣ ಮಾಡುವವರ ಬೆರಳಿಗೆ ಮಾತ್ರ ಸಾವಿರಾರು ವರ್ಷಗಳಿಂದ ಗೊತ್ತಿತ್ತು.

ಕಡ್ಡಿ ತೀರ ಗಡುಸಾಗಿದ್ದರೆ ಬಿಲ್ಲಿಗೆ ತಗುಲಿ ಹೊರಕ್ಕೆ ಚಿಮ್ಮುತ್ತದೆ. ಬಲಗೈಯಲ್ಲಿ ಹೆದೆಯನ್ನು ಮೂರು ಬೆರಳಿನಿಂದ ಎಳೆಯುವವನಿಗೆ ಅದು ಎಡಕ್ಕೆ ಬೀಳುತ್ತದೆ. ತೀರ ಮೆತುವಾಗಿದ್ದರೆ ಬಲಕ್ಕೆ. ಹೆಬ್ಬೆರಳಿನಿಂದ ಎಳೆದು ಬಾಣವನ್ನು ಬಿಲ್ಲಿನ ಬಲಬದಿಗೆ ಇಡುವ ಪದ್ಧತಿಯಲ್ಲಿ ಇದೇ ಅದಲುಬದಲು. ಇಂದಿನ ಬಿಲ್ಗಾರರು ಈ ಗಡಸನ್ನು ಸ್ಪೈನ್ ಎನ್ನುತ್ತಾರೆ. ಮರದ ಕಡ್ಡಿಯನ್ನು 26 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 2 ಪೌಂಡ್ ತೂಗುಬಿಡುತ್ತಾರೆ. ಎಷ್ಟು ಇಂಚು ಬಾಗಿತೋ ಅದರಿಂದ 26ನ್ನು ಭಾಗಿಸಿದರೆ ಯಾವ ಬಿಲ್ಲಿಗೆ ಅದು ಒಪ್ಪುತ್ತದೆಂಬ ಅಂದಾಜು ಸಿಗುತ್ತದೆ. ಅರ್ಧ ಇಂಚಿಗಿಂತ ಚೂರು ಹೆಚ್ಚು, 0.52 ಇಂಚು ಬಾಗಿದ ಕಡ್ಡಿ 50 ಪೌಂಡಿನ ಬಿಲ್ಲಿಗೆ.

ಅಲ್ಲಿಗೇ ಮುಗಿಯುವುದಿಲ್ಲ. ಮೊನೆಯ ತೂಕ ಹೆಚ್ಚಿಸಿದರೆ ಅದೇ ಕಡ್ಡಿ ಹೆಚ್ಚು ಬಳುಕುತ್ತದೆ, ಮೆತುವಾದ ಕಡ್ಡಿಯಂತೆ ವರ್ತಿಸುತ್ತದೆ. ಉದ್ದ ಹೆಚ್ಚಿದರೂ ಹಾಗೆಯೇ. ಬಾಗು ಉದ್ದದ ಘನಕ್ಕೆ ತಕ್ಕಂತೆ ಏರುವುದರಿಂದ 28 ಇಂಚನ್ನು 30 ಮಾಡಿದರೆ ಸಾಕು, ಐದನೇ ಒಂದು ಪಾಲಿಗೂ ಮೀರಿ ಬಳುಕು ಹೆಚ್ಚುತ್ತದೆ. ಗಡಸು ಸಾಲದ ಕಡ್ಡಿಯ ಮೊನೆಯನ್ನು ಹಗುರ ಮಾಡಬಹುದು, ಅಥವಾ ಕಡ್ಡಿಯನ್ನು ತುಸು ಕತ್ತರಿಸಬಹುದು. ಹಾಗೆಂದು ಮೊನೆಯನ್ನು ತೀರ ಹಗುರ ಮಾಡಿದರೆ ಗಾಳಿಯಲ್ಲಿ ಬಾಣದ ಸ್ಥಿರತೆ ಕೆಡುತ್ತದೆ. ಇಡೀ ಬಾಣವೇ ತೀರ ಹಗುರವಾದರೆ ಬಿಲ್ಲಿನ ಬಲದ ಹೆಚ್ಚಿನ ಪಾಲು ಬಿಲ್ಲಿಗೇ ಮರಳಿ ಅದನ್ನೇ ಸೀಳಬಹುದು. ಒಂದು ಕಡೆ ಹೊಂದಿಸಿದರೆ ಇನ್ನೊಂದು ಕಡೆ ತಪ್ಪುವ ಈ ಲೆಕ್ಕದಲ್ಲಿ ನುರಿತವನೇ ನಿಜವಾದ ಬಾಣಗಾರ.

ಇನ್ನು ರಾಕೆಟ್ಟಿಗೆ ಬನ್ನಿ. ಇಲ್ಲಿ ಕಬ್ಬಿಣದ ಕೊಳವೆಯೇ ಭಾರದ ಮೊನೆ, ಬಿದಿರೇ ಕಡ್ಡಿಯೂ ಗರಿಯೂ. ವ್ಯತ್ಯಾಸ ಒಂದಿದೆ, ಅದು ಸಣ್ಣದಲ್ಲ. ಬಾಣವನ್ನು ಹೆದೆ ಹಿಂದಿನಿಂದ ನೂಕುತ್ತದೆ. ರಾಕೆಟ್ಟಿನಲ್ಲಿ ಬೆಂಕಿ ಮುಂದಿದೆ, ಬಿದಿರು ಎಳೆದಂತೆ ಹಿಂಬಾಲಿಸುತ್ತದೆ. ಆದ್ದರಿಂದ ನೂಕಿಗೆ ಬಳುಕುವ ತೊಂದರೆ ಬಿದಿರಿಗಿಲ್ಲ. ಅದರ ತೊಂದರೆ ಬೇರೆ. ಕೊಳವೆ ಬಿದಿರಿನ ಪಕ್ಕಕ್ಕೆ ಕಟ್ಟಿದ್ದು. ಬೆಂಕಿಯ ಒತ್ತು ಇಡೀ ರಾಕೆಟ್ಟಿನ ತೂಕದ ನಡುವಿನ ಮೂಲಕ ಹಾಯುವುದಿಲ್ಲ, ಪಕ್ಕದಿಂದ ತಿರುಚುತ್ತದೆ. ಆ ತಿರುಚನ್ನು ತಡೆಯುವುದು ಹಿಂದಿನ ಉದ್ದ ಬಿದಿರಿಗೆ ತಾಗುವ ಗಾಳಿ. ಬಿದಿರು ಗಿಡ್ಡವಾದರೆ ಗಾಳಿಗೆ ಹಿಡಿತ ಸಿಗದೆ ರಾಕೆಟ್ ಲಾಗ ಹಾಕುತ್ತದೆ. ಉದ್ದವೂ ದಪ್ಪವೂ ಆದರೆ ತೂಕದ ನಡು ಹಿಂದಕ್ಕೆ ಜಾರುತ್ತದೆ, ದೂರವೂ ಕುಗ್ಗುತ್ತದೆ. ಮೇಲಾಗಿ ಮದ್ದು ಉರಿದಷ್ಟೂ ಮುಂಭಾಗ ಹಗುರಾಗುತ್ತದೆ, ತೂಕದ ನಡು ಹಾರುತ್ತಲೇ ಹಿಂದಕ್ಕೆ ಸರಿಯುತ್ತದೆ. ಹೊರಡುವಾಗ ಸರಿಯಿದ್ದದ್ದು ಮಧ್ಯದಾರಿಯಲ್ಲೂ ಸರಿಯಿರಬೇಕು. ಬಿಲ್ಲಿನ ಬಾಣಗಾರನಿಗೆ ಈ ಕಷ್ಟ ಇರಲಿಲ್ಲ.

ಬಿದಿರನ್ನೇ ಆರಿಸಿದ್ದರಲ್ಲಿ ಬುದ್ಧಿವಂತಿಕೆಯಿದೆ. ಒಳಗೆ ಟೊಳ್ಳು, ನಾರಿನ ಬಲವೆಲ್ಲ ಹೊರಸಿಪ್ಪೆಯ ಕಡೆಗೆ. ಅಷ್ಟು ಹಗುರಕ್ಕೆ ಅಷ್ಟು ಗಡಸು ಬೇರೆ ಮರದಲ್ಲಿ ಸಿಗುವುದು ಕಷ್ಟ. ತೊಗಲಿನ ಪಟ್ಟಿಯನ್ನು ಹಸಿಯಾಗಿ ಸುತ್ತಿದರೆ ಒಣಗುತ್ತ ತಾನೇ ಬಿಗಿಯುತ್ತದೆ. ಆದರೆ ಬಿದಿರು ಚೆನ್ನಾಗಿ ಒಣಗಿರಬೇಕು. ಹಸಿಬಿದಿರು ಆಮೇಲೆ ಕುಗ್ಗಿ ಕಟ್ಟು ಸಡಿಲಾಗುತ್ತದೆ.

ಈ ಹಗುರದ ಬೆಲೆ ತಿಳಿಯಲು ಬನ್ನೂರಿನ ದಾರಿಯಲ್ಲಿ ಸಿಗುವ ಅರಕೆರೆಯನ್ನು ನೆನೆಯಬೇಕು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ಮುತ್ತಲು ಈ ಊರಿನ ಬಳಿಗೆ ಬಂದು ಇಳಿದ. 15ರಂದು ಕಾಳಗವೂ ನಡೆಯಿತು. ಆದರೆ ಮಳೆ ಹಿಡಿದಿತ್ತು, ಕಾವೇರಿ ತುಂಬಿತ್ತು, ದಂಡಿಗೆ ಅನ್ನವಿರಲಿಲ್ಲ, ಎತ್ತುಗಳು ಸಾಯುತ್ತಿದ್ದವು. ಎಳೆಯುವ ಎತ್ತಿಲ್ಲದೆ ಕೋಟೆ ಒಡೆಯುವ ಭಾರೀ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಬೆಂಗಳೂರಿನತ್ತ ಹಿಂದಿರುಗಬೇಕಾಯಿತು. ಮೈಸೂರಿನ ರಾಕೆಟ್ಟಿಗೆ ಎತ್ತಿನ ಸಾಲು ಬೇಕಿರಲಿಲ್ಲ. ಒಬ್ಬ ಸಿಪಾಯಿ ಅದನ್ನು ಹೊತ್ತು ನಡೆಯಬಲ್ಲ, ಕೆಸರಲ್ಲೂ ತೋಪಿನಲ್ಲೂ ನಿಂತು ಹಚ್ಚಬಲ್ಲ. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ರಾಕೆಟ್ ಮತ್ತು ಬಂದೂಕುಗಳ ಎದುರು ದಿಕ್ಕುತಪ್ಪಿ ಹಿಂದೆ ಸರಿದದ್ದು ಹೀಗೆಯೇ.

ಗುರಿಯ ಖಚಿತತೆ ರಾಕೆಟ್ಟಿಗೆ ಕೊನೆಯವರೆಗೂ ಪೂರ್ತಿ ದಕ್ಕಲಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಬ್ರಿಟನ್ನಿನ ವಿಲಿಯಂ ಕಾಂಗ್ರೀವ್ ಮೈಸೂರಿನ ರಾಕೆಟ್ಟಿನ ಜಾಡಿನಲ್ಲೇ ಕೆಲಸ ಶುರುಮಾಡಿದಾಗಲೂ ಕಾಡಿದ್ದು ಕೋಲಿನದೇ ಸಮಸ್ಯೆ. ಅವನ 32 ಪೌಂಡಿನ ರಾಕೆಟ್ಟಿಗೆ 15 ಅಡಿ ಉದ್ದದ ಕೋಲು ಬೇಕಾಯಿತು. ಪಕ್ಕದ ಕಟ್ಟಿನ ತಿರುಚನ್ನು ತಪ್ಪಿಸಲು 1815ರ ಹೊತ್ತಿಗೆ ಕೋಲನ್ನು ನಡುವಿಗೆ ತಂದು, ಸುತ್ತ ಬೆಂಕಿಯ ಬಾಯಿಗಳನ್ನು ಕೊರೆದ. ಕೋಲೇ ಬೇಡವೆನಿಸುವಂತೆ ರಾಕೆಟ್ಟನ್ನು ತನ್ನಷ್ಟಕ್ಕೆ ಗಿರ್ರನೆ ತಿರುಗಿಸಿದ್ದು ವಿಲಿಯಂ ಹೇಲ್, 1844ರಲ್ಲಿ. ಶ್ರೀರಂಗಪಟ್ಟಣ ಬಿದ್ದು ಆಗ ನಲವತ್ತೈದು ವರ್ಷ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಪುರಾತತ್ವ ಇಲಾಖೆ ಮೇಲೆತ್ತಿತು. ಸಿಕ್ಕಿದ್ದು ಕಬ್ಬಿಣ. ಈಗ ಆ ಕೊಳವೆಗಳ ತೂಕ, ಉದ್ದ, ಬಾಯಿಯ ಅಳತೆಗಳನ್ನು ಹಿಡಿದು ಒಂದೊಂದಕ್ಕೂ ಎಷ್ಟು ಬಿದಿರು ಬೇಕಿತ್ತೆಂದು ಲೆಕ್ಕ ಹಾಕಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಯಾವುದಿದೆ? ಮದ್ದು ತುಂಬಬೇಕಿಲ್ಲ. ಅದೇ ತೂಕದ ಕೊಳವೆ, ಒಣಗಿದ ಬಿದಿರು, ತೊಗಲಿನ ಪಟ್ಟಿ ಮತ್ತು ಗಾಳಿಸುರಂಗ ಸಾಕು. ಅದು ಆಗುವವರೆಗೆ, ರಾಕೆಟ್ ಕೊಳವೆಗಳನ್ನು ಗಾಜಿನೊಳಗೆ ಇಟ್ಟಿರುವ ನಮ್ಮ ಸಂಗ್ರಹಾಲಯಗಳು ಒಂದು ಕೊಳವೆಯನ್ನಾದರೂ 1.9 ಮೀಟರಿನ ಬಿದಿರಿಗೆ ಕಟ್ಟಿ ನಿಲ್ಲಿಸಲಿ.