ಹೊಳೆಯಲ್ಲಿ ಉಳಿದ ಕಂಬಗಳು

ನಮ್ಮ ಧಾರೇಶ್ವರಕ್ಕೆ ಉತ್ತರದಲ್ಲಿ ಅಘನಾಶಿನಿ, ದಕ್ಷಿಣದಲ್ಲಿ ಶರಾವತಿ. ಹಿರಿಯರು ಈ ಅಗಲವಾದ ಹೊಳೆಗಳನ್ನು ತಾರಿಯ ದೋಣಿಗಳಲ್ಲಿ ದಾಟಿದವರು. ಹಳೆಯ ಸೇತುವೆಯ ಕುರುಹನ್ನು ಅರಸುವವನು ಘಟ್ಟವನ್ನು ಹತ್ತಿ ತುಂಗಭದ್ರೆಯ ದಡಕ್ಕೆ ಹೋಗುವುದು ಮೇಲು.

ಹಂಪೆಯ ವಿಠ್ಠಲ ದೇವಾಲಯದ ಸಮೀಪ, ಪುರಂದರ ಮಂಟಪದ ಬಳಿ, ಹೊಳೆಯ ನಡುವೆ ಕಲ್ಲುಕಂಬಗಳ ಸಾಲುಗಳಿವೆ. ಆನೆಗೊಂದಿಯ ದಿಕ್ಕಿಗೆ ಸಾಗಿದ್ದ ವಿಜಯನಗರ ಕಾಲದ ಸೇತುವೆಯಲ್ಲಿ ಉಳಿದುದು ಇಷ್ಟೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಮಂಟಪವೇ ಮುಳುಗುವುದುಂಟು. ಆದುದರಿಂದ ನೋಡಹೋಗುವವರು ಬೇಸಗೆಯನ್ನೇ ಕಾಯಬೇಕು.

ಶ್ರೋತೃಗಳೆ, ಕಂಬಗಳ ಸಾಲು ಕಂಡ ಮಾತ್ರಕ್ಕೆ ಸೇತುವೆಯೆಂದು ತೀರ್ಮಾನಿಸಲಾಗದು. ಆನೆಗೊಂದಿಯ ಕಡೆಯಲ್ಲಿಯೇ ಬುಕ್ಕನ ಹೆಸರಿನ ಮೇಲ್ಗಾಲುವೆಯೊಂದಿದೆ. ಅದೂ ಕಲ್ಲುಕಂಬಗಳ ಮೇಲೆ ನಿಂತುದೇ. ಆದರೆ ಕಾಲುವೆಗೆ ನೀರು ಹಿಡಿಯುವ ತೊಟ್ಟಿ ಬೇಕು, ಒಂದೇ ಸಮನಾದ ಇಳಿಜಾರು ಬೇಕು. ಸೇತುವೆಗಾದರೋ ಎರಡೂ ದಡಗಳಲ್ಲಿ ಬಂದು ಕೂಡುವ ದಾರಿ ಬೇಕು. ಶೋಧಕನು ಹೊಳೆಗೆ ಇಳಿಯುವ ಮೊದಲು ದಡವನ್ನು ನೋಡಬೇಕೆನ್ನುವುದು ಇದಕ್ಕಾಗಿಯೇ.

ಕಂಬಗಳ ಮೇಲಣ ಹಾಸು ಹೇಗಿದ್ದೀತು? ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯನ್ನು ನೋಡಿದರೆ ಊಹಿಸಬಹುದು. ಅಲ್ಲಿ ಕಲ್ಲುಕಂಬಗಳ ಮೇಲೆ ಕಲ್ಲಿನ ತೊಲೆಗಳು, ಅವುಗಳ ಮೇಲೆ ಹಾಸು. ಕಲ್ಲು ಒತ್ತುವ ಭಾರವನ್ನು ತಾಳುತ್ತದೆ, ಎಳೆತವನ್ನು ತಾಳದು; ಉದ್ದವಾದ ತೊಲೆ ನಡುವೆ ಮುರಿಯುತ್ತದೆ. ಆದುದರಿಂದ ಕಂಬಗಳು ಒತ್ತೊತ್ತಾಗಿ ನಿಲ್ಲಬೇಕು. ಹಾಗೆ ನಿಂತರೆ ಮಹಾಪೂರದಲ್ಲಿ ತೇಲಿಬಂದ ಮರಗಳು ಅಲ್ಲಿಯೇ ಸಿಕ್ಕಿಕೊಂಡು, ನೀರಿನ ಒತ್ತಡವೆಲ್ಲ ಸೇತುವೆಯ ಮೇಲೆ ಬೀಳುತ್ತದೆ.

ಇನ್ನೊಂದು ತೊಡಕು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಜನರು ಹೊಳೆಯನ್ನು ದಾಟುವುದು ಬುಟ್ಟಿಯಂತೆ ದುಂಡಾದ, ತೊಗಲು ಹೊದಿಸಿದ ಹರಿಗೋಲುಗಳಲ್ಲಿ ಎನ್ನುತ್ತಾನೆ. ಹಾಗಾದರೆ ಕೃಷ್ಣದೇವರಾಯನ ಕಾಲಕ್ಕಾಗಲೇ ಸೇತುವೆ ಹಾಳಾಗಿತ್ತೆ? ಹಾಗೆನ್ನಲು ಆಸೆಯಾಗುತ್ತದೆ. ಆದರೆ ಪ್ರವಾಸಿಯು ತನಗೆ ಹೊಸದಾದುದನ್ನು ಬರೆಯುತ್ತಾನೆ. ಹರಿಗೋಲು ಅವನಿಗೆ ಹೊಸದು, ಸೇತುವೆಯಲ್ಲ. ಅವನ ಮೌನವೊಂದನ್ನೇ ನಂಬಿ ತೀರ್ಪು ಕೊಡಲು ನಾನು ಒಪ್ಪಲಾರೆ.

ಅದೇ ಹೊಳೆಗೆ ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಹೊಸ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಪ್ರಾಣ ಕಳೆದುಕೊಂಡರು. ನಮ್ಮ ಜಿಲ್ಲೆಯ ಕಾರವಾರದಲ್ಲಿಯೂ ಕಾಳಿಯ ಹಳೆಯ ಹೆದ್ದಾರಿ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಬಿದ್ದಿತು. ಅದಕ್ಕೆ ವಯಸ್ಸು ನಾಲ್ಕು ದಶಕಗಳಷ್ಟೆ. ಕಾಂಕ್ರೀಟಿನ ಸೇತುವೆಗೆ ನಕ್ಷೆಗಳೂ ಛಾಯಾಚಿತ್ರಗಳೂ ಇರುತ್ತವೆ. ಹಂಪೆಯ ಸೇತುವೆಗೆ ಆ ಕಂಬಗಳೇ ದಾಖಲೆ. ಒಂದು ಕಂಬ ಉರುಳಿದರೆ ಎರಡು ಕಂಬಗಳ ನಡುವಿನ ಅಳತೆ ಹೋಗುತ್ತದೆ, ಅದರೊಡನೆ ತೊಲೆಯ ಉದ್ದವನ್ನು ತಿಳಿಯುವ ದಾರಿಯೂ. ಬೇಸಗೆಯಲ್ಲಿ ಹಂಪೆಗೆ ಹೋಗುವ ವಿದ್ಯಾರ್ಥಿಗಳು ಕ್ಯಾಮೆರಾದೊಡನೆ ಅಳತೆಯ ಟೇಪನ್ನೂ ಒಯ್ಯಲಿ.