ದಾವತ್ತಿನ ಮೇಜಿನ ನಡುವೆ ಕಮಲಾಪುರ

ಬೆಳಗಿನ ಆರರ ಸುಮಾರಿಗೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಹೂವಿನ ಮೂಟೆಗಳ ಬಾಯಿ ಬಿಚ್ಚುತ್ತವೆ. ಒದ್ದೆ ಗೋಣಿ ಸರಿಸಿದ ಕೂಡಲೇ ಚೆಂಡು ಹೂವಿನ ಖಾರ ವಾಸನೆ ಮೂಗಿಗೆ ಬಡಿಯುತ್ತದೆ. ಅದರ ಹಿಂದೆ ಸೇವಂತಿಯ ಹಸಿ ಎಲೆಯ ವಾಸನೆ, ಆಮೇಲೆ ಎಲ್ಲವನ್ನೂ ಮುಚ್ಚಿಬಿಡುವ ನಿಶಿಗಂಧ. ಒಬ್ಬರು ತಕ್ಕಡಿಯಲ್ಲಿ ಗಲಾಟೆ ಹೂವು ಸುರಿದು ಪಾವು ಕಿಲೋ ತೂಗುತ್ತಿದ್ದರೆ, ಪಕ್ಕದ ಮುದುಕಿ ಕಾಕಡಾ ಮತ್ತು ಅಬ್ಬಾಲಿ ಮಾಲೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದು ಮೊಳ ಎಣಿಸುತ್ತಾಳೆ.

ಮದುವೆ ಮನೆಯವರು ಬಂದರೆ ಕೇಳುವುದಕ್ಕೊಂದು ಕ್ರಮವಿದೆ. ಮೊದಲು ಮದುಮಕ್ಕಳ ದಂಡಿ ಮತ್ತು ಹಾರ. ಆಮೇಲೆ ಹಂದರದ ತೋರಣ, ಸ್ಟೇಜು, ಕಾರು. ಮುಸ್ಲಿಮರ ಶಾದಿಯಾದರೆ ಸೆಹರಾಕ್ಕೆ ಗುಲಾಬಿ, ಮೊಗ್ರಾ. ಎಲ್ಲ ಮುಗಿದು ಹೊರಡುವ ಹೊತ್ತಿಗೆ ಯಾರಿಗೋ ಊಟದ ಮೇಜು ನೆನಪಾಗುತ್ತದೆ.

“ಟೇಬಲ್ ಮ್ಯಾಲ ಇಡ್ಲಿಕ್ಕ ಏನರ ಛಲೋದು ಹೇಳ್ರಿ ಕಾಕಾ,” ಎಂದು ಮದುಮಗಳ ಅಕ್ಕ ಮೊಬೈಲ್ ಮುಂದೆ ಚಾಚುತ್ತಾಳೆ. ಚಿತ್ರದಲ್ಲಿ ಎತ್ತರದ ಗಾಜಿನ ಹೂದಾನಿ, ಅದರ ತುಂಬ ಬಿಳಿ ಡಚ್ ಗುಲಾಬಿ.

ಹೂಗಾರ ಕಾಕಾ ಕಣ್ಣು ಕಿರಿದು ಮಾಡಿ ನೋಡುತ್ತಾರೆ. “ಚಂದ ಅದ ಬಿಡವ್ವಾ. ಆದ್ರ ಲಗ್ನ ಏಪ್ರಿಲ್‌ದಾಗ ಅದ ಅಂತಿ. ಇವು ಸಂಜಿತನ ತಡೀಬೇಕಲ್ಲ?”

ಈ ಊರಿನ ಮೇಜಿಗೆ ಹೂವು ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಸಂಜೆ ಏಳಕ್ಕೂ ನೆಲದ ಕಾವು ಇಳಿದಿರುವುದಿಲ್ಲ. ಪಾಲಿಹೌಸ್‌ನ ತಂಪಿನಲ್ಲಿ ಬೆಳೆದ ಜರ್ಬೆರಾ, ಕಾರ್ನೇಶನ್‌ಗಳು ಹೈದರಾಬಾದಿನ ಗುಡಿಮಲ್ಕಾಪುರ ಮಾರುಕಟ್ಟೆಯಿಂದಲೋ ಬೆಂಗಳೂರಿನಿಂದಲೋ ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಶಾಮಿಯಾನದ ಕೆಳಗೆ ಕತ್ತು ಚೆಲ್ಲುತ್ತವೆ. ಅದೇ ಬಿಸಿಲಲ್ಲಿ ಚೆಂಡು ಹೂವು ನಗುತ್ತಿರುತ್ತದೆ. ಸೇವಂತಿಯೂ ಅಷ್ಟೇ ಗಟ್ಟಿ. ತೇರಿಗೆ, ದೇವರಿಗೆ, ಹೊಸ್ತಿಲಿಗೆ ಇವನ್ನೇ ನಂಬಿಕೊಂಡು ಬಂದ ನಾವು ಊಟದ ಮೇಜಿನ ಮಾತು ಬಂದಾಗ ಮಾತ್ರ ಇವನ್ನು ಅಗ್ಗದ ಹೂವೆಂದು ದೂರ ಇಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಇನ್ನು ಅಳತೆ. ಹಾಲ್‌ಗಳಲ್ಲಿ ಹಾಕುವ ದುಂಡು ಮೇಜು ಸಾಮಾನ್ಯವಾಗಿ ಐದು ಅಡಿ ಅಗಲ, ಸುತ್ತ ಎಂಟು ಮಂದಿ. ಎದುರೆದುರಿನ ಎರಡು ತಾಟು, ನೀರಿನ ಲೋಟಗಳ ಜಾಗ ಕಳೆದರೆ ನಡುವೆ ಎರಡೂವರೆ ಅಡಿ ಉಳಿಯುತ್ತದೆ. ಅಷ್ಟೂ ಹೂವಿನದಲ್ಲ. ದಾವತ್ತಿನಲ್ಲಿ ತಹಾರಿ, ಬಿರಿಯಾನಿಯ ದೊಡ್ಡ ತಟ್ಟೆಗಳು ಮೇಜಿನ ಮೇಲೆಯೇ ಬಂದು ಕೂರುತ್ತವೆ. ಲಿಂಗಾಯತರ ಮನೆಯ ಊಟವಾದರೆ ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರಿನ ಬಟ್ಟಲು. ಕೊನೆಗೆ ಹೂವಿಗೆ ದಕ್ಕುವುದು ಒಂದಡಿ ಜಾಗ. ಎತ್ತರವಂತೂ ಒಂದು ಗೇಣು ಮೀರಬಾರದು. ಎದುರಿಗೆ ಕೂತ ಬೀಗರ ಮುಖ ಕಾಣದೆ ಹೂವಿನ ಸಂದಿಯಿಂದ “ಊಟ ಆಯ್ತೇನ್ರಿ?” ಎಂದು ಕೇಳಬೇಕಾದರೆ ಆ ಗುಲ್ದಸ್ತಾ ಎಷ್ಟು ಚಂದವಿದ್ದೇನು?

ವಾಸನೆಯದು ಇನ್ನೊಂದು ಲೆಕ್ಕ. ನಿಶಿಗಂಧ ರಾತ್ರಿ ಏರಿದಂತೆ ಹೆಚ್ಚು ಘಮಿಸುತ್ತದೆ. ಅದರ ಜಾಗ ಸ್ಟೇಜು, ಬಾಗಿಲು. ಬಿಸಿ ಹೋಳಿಗೆಯ ಮೇಲೆ ತುಪ್ಪ ಬಿದ್ದಾಗ ಏಳುವ ಪರಿಮಳಕ್ಕೆ ಪೈಪೋಟಿ ಬೇಡ.

ಗಿಡ್ಡಗಿರಬೇಕು, ಬಿಸಿಲು ತಡೆಯಬೇಕು, ಒಂದು ಸಂಜೆಯಾದರೂ ನೀರು ಹಿಡಿದಿರಬೇಕು. ಹೂವು ಚುಚ್ಚಲು ಇಂಥ ಪೀಠವನ್ನು ಹುಡುಕಿಕೊಂಡು ಹುಮನಾಬಾದ್ ರಸ್ತೆ ಹಿಡಿಯಬೇಕು. ನಗರದಿಂದ ಸುಮಾರು 35 ಕಿ.ಮೀ. ಎಡಬಲಕ್ಕೆ ತೊಗರಿ, ಜೋಳದ ಕರಿ ಹೊಲಗಳು. ಮಹಾಗಾಂವ ಕ್ರಾಸ್ ಹಿಂದಾಗಿ ಕಮಲಾಪುರ ಹತ್ತಿರವಾದಂತೆ ರಸ್ತೆ ಬದಿಯಲ್ಲಿ ಕೆಂಬಾಳೆಯ ಗೊನೆಗಳು ತೂಗಾಡುತ್ತವೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಇದು. ಇದೇ ರಸ್ತೆ ಹುಮನಾಬಾದಿಗೆ ಹೋಗಿ, ಅಲ್ಲಿಂದ ಶರಣರ ಕಲ್ಯಾಣಕ್ಕೆ ತಿರುಗುತ್ತದೆ. ಹೂ ಕಟ್ಟುವುದನ್ನೇ ಕಾಯಕ ಮಾಡಿಕೊಂಡ ಶರಣ ಹೂಗಾರ ಮಾದಯ್ಯನನ್ನು ನೆನೆಯುವವರಿಗೆ ಈ ದಾರಿಯಲ್ಲಿ ಹೂವಿನ ಕೆಲಸಕ್ಕೆ ಹೋಗುವುದೇ ಒಂದು ಸಂತೋಷ.

ಕಣಿವೆಯ ತೋಟಕ್ಕೆ ಇಳಿದರೆ ಕಾವು ಒಮ್ಮೆಲೇ ತಗ್ಗುತ್ತದೆ. ಕೆಂಬಾಳೆಯ ಕೆಂಪು ಹಣ್ಣಿನಲ್ಲಷ್ಟೇ ಇಲ್ಲ. ಎಲೆಯ ದೇಟು, ನಡುನರ, ಕಂಬದ ಸುಳಿ ಎಲ್ಲೆಲ್ಲೂ ಕಂದುಗೆಂಪು ಹರಿದಿರುತ್ತದೆ. ಬಾಳೆ ಒಂದೇ ಬಾರಿ ಗೊನೆ ಬಿಡುವ ಗಿಡ. ಗೊನೆ ಇಳಿಸಿದ ಮೇಲೆ ಕಂಬ ಕಡಿದು ಬದುವಿಗೆ ಹಾಕುತ್ತಾರೆ, ಬುಡದ ಮರಿ ಮೇಲೆ ಬರುತ್ತದೆ. ಹಾಗೆ ಕಡಿದು ಹಾಕಿದ ಕಂಬವೇ ನಮಗೆ ಬೇಕಾದದ್ದು.

ಕುಡುಗೋಲಿನಿಂದ ನಾಲ್ಕು ಬೆರಳು ದಪ್ಪಕ್ಕೆ ಅಡ್ಡ ಕೊಯ್ದ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗೆ ಕೆಂಗಂದು ಸಿಪ್ಪೆ. ಒಳಗೆ ಒಂದರೊಳಗೊಂದು ತಬ್ಬಿಕೊಂಡ ಬಿಳಿ ಪದರಗಳು, ಪ್ರತಿ ಪದರದಲ್ಲೂ ಜೇನುಹುಟ್ಟಿನಂತೆ ಸಾಲು ಸಾಲು ಗೂಡು, ಗೂಡುಗಳ ಗೋಡೆ ತುಂಬ ನೀರು. ಬೆರಳಿಂದ ಒತ್ತಿದರೆ ಹನಿ ಜಿನುಗುತ್ತದೆ. ಸೇವಂತಿಯ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ಚುಚ್ಚಿದರೆ ಸರಕ್ಕನೆ ಒಳಹೋಗಿ ಅಲ್ಲೇ ನಿಲ್ಲುತ್ತದೆ. ಮೆತ್ತನೆಯ ಕಾಂಡದ ಹೂವಾದರೆ ಮೊದಲು ಬಿದಿರು ಕಡ್ಡಿಯಿಂದ ತೂತು ಮಾಡಿಕೊಂಡರಾಯಿತು.

ತೋಟದ ಯಜಮಾನರಿಗೆ ಅಚ್ಚರಿ. “ದಿಂಡು ಒಯ್ದು ಟೇಬಲ್ ಮ್ಯಾಲ ಇಡ್ತೀರೇನ್ರಿ? ಹಣ್ಣು ಒಯ್ಯೋದು ಬಿಟ್ಟು!” ಎನ್ನುತ್ತಾರೆ. ಥಾಯ್ಲೆಂಡಿನಲ್ಲಿ ಲಾಯ್ ಕ್ರಥಾಂಗ್ ಹಬ್ಬದ ಹುಣ್ಣಿಮೆಯಂದು ಇಂಥದ್ದೇ ದಿಂಡಿನ ಬಿಲ್ಲೆಯ ಮೇಲೆ ಬಾಳೆಲೆ ಮಡಚಿ, ಹೂವು ದೀಪ ಇಟ್ಟು ನೀರಿಗೆ ಬಿಡುತ್ತಾರೆ. ಒಡಿಶಾದಲ್ಲೂ ಕಾರ್ತಿಕ ಹುಣ್ಣಿಮೆಗೆ ದಿಂಡಿನ ದೋಣಿ ತೇಲಿಸುತ್ತಾರೆ. ಹೀಗೆಂದು ಹೇಳಿದರೆ ಅವರೇ ನೆಟ್ಟಗಿನ ಕಂಬ ಆರಿಸಿಕೊಡುತ್ತಾರೆ.

ಅಲಂಕಾರದವರು ಈಗ ದಿಂಡಿನ ಜಾಗದಲ್ಲಿ ಬಳಸುವುದು ಹಸಿರು ಇಟ್ಟಿಗೆಯಂಥ ಫೋಮ್. ಅಮೆರಿಕದ ವರ್ನನ್ ಸ್ಮಿದರ್ಸ್ 1954ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ನೀರು ಕುಡಿಸಿ ಹೂವು ಚುಚ್ಚುವುದು ಸಲೀಸು, ನಿಜ. ಆದರೆ ಅದು ಪ್ಲಾಸ್ಟಿಕ್ಕೇ. ಮದುವೆ ಮುಗಿದ ಮೇಲೆ ಪುಡಿಪುಡಿಯಾಗಿ ಗಟಾರ ಸೇರುತ್ತದೆ, ಕೊಳೆಯುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪುಷ್ಪ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಬದುವಿಗೆ ಬಿದ್ದ ದಿಂಡು ಪಕ್ಕದಲ್ಲೇ ಇರುವಾಗ ನಾವು ಫೋಮನ್ನು ಹಣ ಕೊಟ್ಟು ತರಿಸಬೇಕೆ?

ದಿಂಡಿಗೂ ತನ್ನದೇ ಹಟಗಳಿವೆ. ಬಾಳೆಯ ಕರೆ ಬಟ್ಟೆಗೆ ತಾಗಿದರೆ ಹೋಗುವುದೇ ಇಲ್ಲ. ಆದ್ದರಿಂದ ಕೊಯ್ದ ತುಂಡುಗಳನ್ನು ಒಂದೆರಡು ತಾಸು ಸೋರಲು ಬಿಟ್ಟು, ತೊಳೆದು, ಸ್ಟೀಲ್ ತಟ್ಟೆಯ ಮೇಲೆಯೇ ಇಡಬೇಕು. ಬಿಳಿ ಮೇಜುಹಾಸಿನ ಮೇಲೆ ನೇರವಾಗಿ ಬೇಡ. ಕೊಯ್ದ ಮುಖ ಕಂದಾಗದಂತೆ ನಿಂಬೆಹಣ್ಣು ಸವರಬೇಕು, ಇಲ್ಲವೇ ಹೂವಿನಲ್ಲೇ ಪೂರ್ತಿ ಮುಚ್ಚಬೇಕು.

ಬಣ್ಣದ ವಿಚಾರದಲ್ಲಿ ನನ್ನ ಆಯ್ಕೆ ಸ್ಪಷ್ಟ. ಕೆಂಗಂದು ಸಿಪ್ಪೆಯ ಮೇಲೆ ಹಳದಿ ಚೆಂಡು ಹೂವಿನ ಒತ್ತು ಸಾಲು, ನಡುವೆ ಬಿಳಿ ಸೇವಂತಿ, ಅಂಚಿನಲ್ಲಿ ಎಲೆ ಸಮೇತ ನಾಲ್ಕಾರು ಗುಲಾಬಿ. ಮಾಘ ಫಾಲ್ಗುಣದ ಮದುವೆಯಾದರೆ ಎರಡು ಜೋಳದ ತೆನೆ ಅಡ್ಡಕ್ಕೆ ಸಿಗಿಸಿ. ಒಣಗಿದ ಕುಸುಬೆ ಹೂವಿನ ಕಿತ್ತಳೆ ಬಣ್ಣ ದೀಪದ ಬೆಳಕಿಗೆ ಬಲು ಚಂದ, ಆದರೆ ಮುಳ್ಳು ಸವರಿಯೇ ಇಡಬೇಕು, ಮಕ್ಕಳ ಕೈ ಅಲ್ಲಿಗೇ ಹೋಗುತ್ತದೆ. ಮಾರ್ಗಶಿರದಲ್ಲಿ ತೊಗರಿಯ ಹಸಿ ಕಾಯಿ ಗೊಂಚಲು ಸಿಗುತ್ತದೆ. ತೊಗರಿಯ ಕಣಜವೆನಿಸಿದ ಜಿಲ್ಲೆಯ ಮದುವೆಯಲ್ಲಿ ತೊಗರಿ ಕಾಣಿಸಿದರೆ ಹಳ್ಳಿಯಿಂದ ಬಂದ ನೆಂಟರು ತಕ್ಷಣ ಗುರುತಿಸುತ್ತಾರೆ, ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಪಕ್ಕದಲ್ಲಿ ಕೆಂಬಾಳೆಯ ಒಂದು ಚಿಪ್ಪು ಇಡುವ ಆಸೆ ಎಲ್ಲರಿಗೂ ಆಗುತ್ತದೆ. ಇಡಬೇಕು. ಎಚ್ಚರಿಕೆ ಇರಲಿ: ಹಣ್ಣಾಗುವ ಬಾಳೆ ಎಥಿಲೀನ್ ಅನಿಲ ಬಿಡುತ್ತದೆ. ಮುಚ್ಚಿದ ಗಾಡಿಯಲ್ಲಿ ಹಣ್ಣು, ಕಾರ್ನೇಶನ್ ಒಟ್ಟಿಗೆ ಬಂದರೆ ಹೂವಿನ ಎಸಳು ಒಳಕ್ಕೆ ಸುರುಟಿ ನಿದ್ದೆಗಣ್ಣಾಗುತ್ತದೆ. ಆರ್ಕಿಡ್, ಜಿಪ್ಸೊಫಿಲಾಕ್ಕೂ ಅದು ಆಗದು. ಚೆಂಡು, ಸೇವಂತಿ ಅಷ್ಟಾಗಿ ಲೆಕ್ಕಿಸುವುದಿಲ್ಲ. ಹಣ್ಣು ಬೇರೆ ಗಾಡಿಯಲ್ಲಿ ಬರಲಿ, ಊಟಕ್ಕೆ ಅರ್ಧ ತಾಸು ಮುಂಚೆ ಮೇಜಿಗೇರಲಿ. ಗಾಳಿಯಾಡುವ ಹಾಲ್‌ನಲ್ಲಿ ಅಷ್ಟು ಹೊತ್ತಿಗೆ ತೊಂದರೆಯಿಲ್ಲ.

ಹಿಂದಿನ ಸಂಜೆ ದಿಂಡು ತಂದು ಒದ್ದೆ ಗೋಣಿಯಲ್ಲಿ ಸುತ್ತಿಡುವುದು, ಬೆಳಗ್ಗೆ ಹೂವು ತಂದು ಕೆಳಗಿನ ಎಲೆ ಕಿತ್ತು ಬಕೆಟ್ ನೀರಿನಲ್ಲಿ ನೆರಳಿಗೆ ನಿಲ್ಲಿಸುವುದು, ಮಧ್ಯಾಹ್ನ ನಾಲ್ಕರ ಮೇಲೆ ಚುಚ್ಚುವುದು. ಇಷ್ಟಕ್ಕೆ ಡೆಕೋರೇಷನ್‌ನವರೇ ಬೇಕೆಂದಿಲ್ಲ. ಅರಿಶಿನ ಹಚ್ಚಿ ಹಾಡು ಮುಗಿಸಿದ ಅತ್ತಿಗೆ, ಚಿಗವ್ವ, ಅಕ್ಕತಂಗಿಯರು ಒಂದು ಕೋಣೆಯಲ್ಲಿ ಕೂತರೆ ಮೂವತ್ತು ಮೇಜಿನ ಕೆಲಸ ಮಾತಾಡುತ್ತಲೇ ಮುಗಿಯುತ್ತದೆ. ಒಂದನ್ನು ಮಾತ್ರ ಅವರಿಗೆ ಮೊದಲೇ ಹೇಳಿಡಬೇಕು: ಗುಂಡುಸೂಜಿ, ತಂತಿ, ಗಮ್‌ಟೇಪು ಯಾವುದನ್ನೂ ದಿಂಡಿಗೆ ಹಾಕಬಾರದು. ಮರುದಿನ ಬಿದಿರು ಕಡ್ಡಿ ಕಿತ್ತು, ಹೂವು ತಿಪ್ಪೆಗೆ ಹಾಕಿ, ದಿಂಡನ್ನು ಸಣ್ಣಗೆ ಕೊಚ್ಚಿ ದನಗಳ ಮುಂದೆ ಹಾಕುವವರಿದ್ದಾರೆ.