ಗಂಟೆಯ ದರದಿಂದ ಹಕ್ಕಿನ ಬೆಲೆಗೆ

ತಂತ್ರಜ್ಞಾನ ಸಲಹೆಯ ಉದ್ಯೋಗದಲ್ಲಿ, ಅಂದರೆ ಬ್ಯಾಂಕು, ವಿಮೆ, ಚಿಲ್ಲರೆ ವ್ಯಾಪಾರದ ಸಂಸ್ಥೆಗಳಿಗೆ ಎಂಥ ತಂತ್ರಾಂಶ ಬೇಕೆಂದು ಗುರುತಿಸಿ ಅದನ್ನು ಅಳವಡಿಸಿಕೊಡುವ ಕೆಲಸದಲ್ಲಿ, ಕೊನೆಗೂ ಮಾರಾಟವಾಗುವುದು ಮನುಷ್ಯರ ಸಮಯ. ಕ್ಲೈಂಟಿಗೆ ಬಿಲ್ ಹಾಕಬಹುದಾದ ಗಂಟೆಗಳೆಷ್ಟು ಎಂಬುದರ ಮೇಲೆ ಉದ್ಯೋಗಿಯ ಬೆಲೆ ನಿಂತಿರುತ್ತದೆ. ಪ್ರಾಜೆಕ್ಟ್ ಇಲ್ಲದೆ ಕುಳಿತವರನ್ನು ಬೆಂಗಳೂರಿನ ಐಟಿ ವಲಯ ‘ಬೆಂಚ್ ಮೇಲಿದ್ದಾರೆ’ ಎನ್ನುತ್ತದೆ. ಇಂಥ ಉದ್ಯೋಗ ಬಿಟ್ಟು ಸಂಗೀತ ಸಂಯೋಜನೆ ಮತ್ತು ಧ್ವನಿ ವಿನ್ಯಾಸವನ್ನು ಫ್ರೀಲಾನ್ಸ್ ವೃತ್ತಿಯಾಗಿ ಹಿಡಿಯುವವರ ವಿಚಾರ ಬಂದಾಗಲೆಲ್ಲ ಧೈರ್ಯ, ಹಂಬಲ, ಕೈಬಿಟ್ಟ ಸಂಬಳ ಇವುಗಳದ್ದೇ ಚರ್ಚೆ ನಡೆಯುತ್ತದೆ. ಮಾರುವ ಸರಕೇ ಬದಲಾಗಿಬಿಡುತ್ತದೆ ಎಂಬ ಅಂಶ ಮಾತ್ರ ಬದಿಗೆ ಸರಿಯುತ್ತದೆ.

ಎರಡು ಕ್ಷೇತ್ರಗಳ ನಡುವಿನ ಗೋಡೆ ತೋರುವಷ್ಟು ದಪ್ಪವೇನಲ್ಲ. ಕಂಪ್ಯೂಟರಿನಿಂದ ಸಂಗೀತ ಹೊರಡಿಸುವ ಮೊದಲ ಪ್ರೋಗ್ರಾಂಗಳಲ್ಲೊಂದನ್ನು 1957ರಲ್ಲಿ ಬರೆದ ಮ್ಯಾಕ್ಸ್ ಮ್ಯಾಥ್ಯೂಸ್ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಸೂಚನೆ ರವಾನಿಸುವಂತೆ ಮಾಡಿದ, 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತ ವ್ಯವಸ್ಥೆಯೂ ವಾದ್ಯ ತಯಾರಿಸುವ ಎಂಜಿನಿಯರುಗಳ ಕೊಡುಗೆಯೇ. ಕನ್ನಡ ಚಿತ್ರಗಳ ಧ್ವನಿಮುದ್ರಣಕ್ಕೆ ಮದರಾಸಿಗೆ ಓಡಬೇಕಿದ್ದ ಕಾಲದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದರು. ಅಂದು ದೊಡ್ಡ ಬಂಡವಾಳ ಬೇಡುತ್ತಿದ್ದ ಆ ಸಲಕರಣೆಗಳ ಬಹುಪಾಲು ಇಂದು ತಂತ್ರಾಂಶದ ರೂಪದಲ್ಲಿ ಒಂದು ಲ್ಯಾಪ್‌ಟಾಪಿನೊಳಗೆ ಕುಳಿತಿದೆ.

ಧ್ವನಿ ವಿನ್ಯಾಸವೆಂದರೆ ಒಂದು ಚಲನಚಿತ್ರ, ಆಟ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಮಾತು ಮತ್ತು ಹಾಡಿನ ಹೊರತಾಗಿ ಕೇಳಿಸುವ ಶಬ್ದಲೋಕವನ್ನು ಕಲ್ಪಿಸಿ ಕಟ್ಟುವ ಕೆಲಸ. 1979ರ ‘ಅಪೋಕಲಿಪ್ಸ್ ನೌ’ ಚಿತ್ರದಲ್ಲಿ ವಾಲ್ಟರ್ ಮರ್ಚ್ ಮಾಡಿದ ಕೆಲಸದಿಂದ ಇದಕ್ಕೆ ಪ್ರತ್ಯೇಕ ಮನ್ನಣೆ ದೊರೆಯಿತು. ಸಲಹಾ ವೃತ್ತಿಯಿಂದ ಬಂದವರಿಗೆ ಬೇಗ ಕೈಹತ್ತುವುದು ವಿಡಿಯೊ ಗೇಮ್‌ಗಳ ವಿಭಾಗ. ಆಟದ ಪಾತ್ರವೊಂದು ನಡೆಯುವಾಗ ಒಂದೇ ಹೆಜ್ಜೆ ಸದ್ದು ಮರುಕಳಿಸಿದರೆ ಕಿವಿ ಕ್ಷಣದಲ್ಲೇ ಅದರ ಯಾಂತ್ರಿಕತೆಯನ್ನು ಹಿಡಿದುಬಿಡುತ್ತದೆ. ಆದ್ದರಿಂದ ಮಣ್ಣು, ಮರ, ನೀರು ಹೀಗೆ ಒಂದೊಂದು ನೆಲಕ್ಕೂ ಹಲವು ಹೆಜ್ಜೆಗಳನ್ನು, ಅದರಲ್ಲೂ ಹಿಮ್ಮಡಿ ಊರುವ ಸದ್ದನ್ನೂ ಬೆರಳು ತಾಗುವ ಸದ್ದನ್ನೂ ಬೇರೆಬೇರೆಯಾಗಿ ಮುದ್ರಿಸಿ, ವೈಸ್ ಅಥವಾ ಎಫ್‌ಮಾಡ್ ಎಂಬ ತಂತ್ರಾಂಶಗಳಿಗೆ ಒಪ್ಪಿಸಲಾಗುತ್ತದೆ. ಪಾತ್ರದ ವೇಗ ಎಷ್ಟು, ಕಾಲ ಕೆಳಗಿನ ನೆಲ ಯಾವುದು ಎಂದು ಆಟವು ಸೂಚಿಸಿದಂತೆ, ಈಗಷ್ಟೇ ಕೇಳಿಸಿದ್ದನ್ನು ಬಿಟ್ಟು ಮತ್ತೊಂದನ್ನು ಆರಿಸಿ, ಅದರ ಸ್ಥಾಯಿಯನ್ನು ತುಸು ಏರಿಳಿಸಿ ನುಡಿಸಬೇಕೆಂಬ ನಿಯಮವನ್ನು ವಿನ್ಯಾಸಕಾರರೇ ಬರೆದಿರುತ್ತಾರೆ. ವರ್ಷಗಟ್ಟಲೆ ಷರತ್ತುಗಳ ನಕ್ಷೆ ಬರೆದವರಿಗೆ ಈ ತರ್ಕ ಹೊಸದಲ್ಲ. ಒಣಗಿದ ಕೆಮ್ಮಣ್ಣಿನ ಸದ್ದು ಬೇಕೋ ಗದ್ದೆಯ ಕೆಸರಿನದೋ ಎಂಬುದನ್ನು ಮಾತ್ರ ಯಾವ ನಕ್ಷೆಯೂ ಹೇಳಿಕೊಡುವುದಿಲ್ಲ.

ಕಿವಿಗೂ ಮೊದಲು ಕೈಕೊಡುವುದು ಕೋಣೆ. ಹೊಸಬರು ದುಬಾರಿ ಮೈಕು, ಕೀಬೋರ್ಡುಗಳಿಗೆ ಉಳಿತಾಯ ಸುರಿದು, ಫ್ಲ್ಯಾಟಿನ ಹತ್ತಡಿ ಅಗಲದ ಮಲಗುವ ಕೋಣೆಯಲ್ಲಿ ಕೆಲಸಕ್ಕೆ ಕೂರುತ್ತಾರೆ. ಹತ್ತು ಅಡಿ ದೂರದ ಎರಡು ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ, ಎಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ, ಮಂದ್ರ ಶಬ್ದವು ಸ್ಥಿರ ಅಲೆಯಾಗಿ ನಿಂತುಬಿಡುತ್ತದೆ. ಗೋಡೆಯ ಬಳಿ ಅದು ಉಬ್ಬಿ ಕೇಳಿಸಿದರೆ ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಮಾಯವಾಗುತ್ತದೆ. ನಡುವೆ ಕುಳಿತು ಮಿಕ್ಸ್ ಮಾಡುವವರು, ಅಂದರೆ ಬೇರೆಬೇರೆ ಧ್ವನಿಗಳನ್ನು ಹದವಾಗಿ ಬೆರೆಸುವವರು, ಮಂದ್ರ ಸಾಲದೆಂದು ಏರಿಸುತ್ತಾರೆ. ಅದೇ ಟ್ರ್ಯಾಕ್ ಕಾರಿನಲ್ಲಿ ಕೇಳಿದಾಗ ಗುಡುಗಿದಂತಾಗುತ್ತದೆ. ಮೂಲೆಗಳಲ್ಲಿ ಗಾಜಿನ ನೂಲಿನ ದಪ್ಪ ಹಲಗೆಗಳನ್ನು ನಿಲ್ಲಿಸಿ ಕೂರುವ ಜಾಗ ಬದಲಿಸುವುದರಿಂದ ಆಗುವಷ್ಟು ಉಪಕಾರ ಹೊಸ ಮೈಕಿನಿಂದ ಆಗದು. ಸಂಬಳದ ಕಾಲದಲ್ಲಿ ಕೊಳ್ಳುವ ಚಟ ಹತ್ತಿಸಿಕೊಂಡವರಿಗೆ ಈ ಮಾತು ರುಚಿಸುವುದು ಕಷ್ಟ.

ಹಳೆಯ ವೃತ್ತಿಯಿಂದ ತರಬಹುದಾದ ಬೆಲೆಬಾಳುವ ವಸ್ತು ಕೋಡಿಂಗ್ ಜ್ಞಾನಕ್ಕಿಂತ ಕರಾರು ಬರೆಯುವ ರೂಢಿ. ಸಲಹಾ ಸಂಸ್ಥೆಗಳಲ್ಲಿ ಕೆಲಸದ ವ್ಯಾಪ್ತಿ, ಒಪ್ಪಿಸುವ ದಿನಾಂಕ, ತಿದ್ದುಪಡಿಯ ದರ ಎಲ್ಲವೂ ಮೊದಲೇ ಕಾಗದದ ಮೇಲಿರುತ್ತವೆ. ಸಂಗೀತದ ಕೆಲಸಗಳು ಬಹುಮಟ್ಟಿಗೆ ಬಾಯಿಮಾತಿನಲ್ಲೇ ಆರಂಭವಾಗಿ ‘ಇನ್ನೊಂಚೂರು ಫೀಲ್ ಬೇಕು’ ಎಂಬ ಒಂದೇ ವಾಕ್ಯದ ಮೇಲೆ ಹತ್ತಾರು ಸಲ ತಿದ್ದಿಸಿಕೊಳ್ಳುತ್ತವೆ. ಎರಡು ಸುತ್ತಿನ ತಿದ್ದುಪಡಿ ದರದೊಳಗೆ, ಮೂರನೆಯದಕ್ಕೆ ಪ್ರತ್ಯೇಕ ಹಣ ಎಂದು ಬರೆದಿಟ್ಟವರು ಒರಟರೆನಿಸಿಕೊಂಡರೂ ಬಾಡಿಗೆ ಕಟ್ಟುತ್ತಾರೆ. ಉದ್ಯಮ್ ನೋಂದಣಿ ಪಡೆದ ಸಣ್ಣ ಸೇವಾದಾರರಿಗೆ ಗರಿಷ್ಠ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂಬ ಕಾನೂನು ಇದ್ದರೂ, ಮುಂದಿನ ಚಿತ್ರಕ್ಕೂ ಅದೇ ನಿರ್ಮಾಪಕರನ್ನು ನೆಚ್ಚಿಕೊಂಡವರು ಅದನ್ನು ಬಾಯಿಬಿಟ್ಟು ಹೇಳುವುದು ಅಪರೂಪ.

ಉದ್ಯೋಗ ಬಿಡುವುದಕ್ಕೆ ಮುಂಚಿನ ಅವಧಿಗೂ ಒಂದು ತೊಡಕಿದೆ. ಹಲವು ಕಂಪನಿಗಳ ನೇಮಕಾತಿ ಪತ್ರಗಳು ಬೇರೆ ಸಂಭಾವನೆಯ ಕೆಲಸವನ್ನು ನಿಷೇಧಿಸುತ್ತವೆ. ಕೆಲವು ಪತ್ರಗಳಂತೂ ಸೇವಾವಧಿಯಲ್ಲಿ ಉದ್ಯೋಗಿ ಸೃಷ್ಟಿಸಿದ್ದೆಲ್ಲವೂ ಕಂಪನಿಯದೇ ಎಂಬಷ್ಟು ವಿಶಾಲವಾಗಿ ಬರೆಯಲ್ಪಟ್ಟಿರುತ್ತವೆ. ವಾರಾಂತ್ಯದಲ್ಲಿ ಕಿರುಚಿತ್ರಕ್ಕೆ ಸಂಗೀತ ಕೊಟ್ಟು ಹಣ ಪಡೆಯುವವರು ಲಿಖಿತ ಅನುಮತಿ ಪಡೆಯುವುದು ಲೇಸು. ಕಂಪನಿಯ ಲ್ಯಾಪ್‌ಟಾಪನ್ನಂತೂ ಅದಕ್ಕೆ ಮುಟ್ಟಲೇಬಾರದು.

ಇದೆಲ್ಲಕ್ಕಿಂತ ಆಳವಾದದ್ದು ಹಕ್ಕಿನ ಪ್ರಶ್ನೆ. 2012ರಲ್ಲಿ ತಿದ್ದುಪಡಿಯಾದ ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಚಿತ್ರವೊಂದರ ಸಂಗೀತ ರಚಿಸಿದವರು ತಮ್ಮ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟ ಮೇಲೂ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಇತರ ಬಳಕೆಗಳಿಂದ ಬರುವ ರಾಯಧನದಲ್ಲಿ, ಅಂದರೆ ಕೃತಿ ಬಳಕೆಯಾದಾಗಲೆಲ್ಲ ಸಲ್ಲುವ ಪಾಲಿನಲ್ಲಿ, ಸಮಭಾಗ ಉಳಿಸಿಕೊಳ್ಳುತ್ತಾರೆ. ಅದನ್ನು ಕರಾರಿನ ಮೂಲಕವೂ ಬಿಟ್ಟುಕೊಡುವಂತಿಲ್ಲ. ಈ ರಕ್ಷಣೆ ಇರುವುದು ಸಂಗೀತ ಕೃತಿಗೆ. ಬಾಗಿಲ ಕಿರುಗುಟ್ಟುವಿಕೆ, ಮಳೆ, ಹೆಜ್ಜೆ ಸಪ್ಪಳಗಳು ಸಾಮಾನ್ಯವಾಗಿ ಸಂಗೀತ ಕೃತಿ ಎನಿಸಿಕೊಳ್ಳುವುದಿಲ್ಲ. ಧ್ವನಿಮುದ್ರಿಕೆಯ ಕರ್ತೃ ಎಂದು ಕಾಯ್ದೆ ಗುರುತಿಸುವುದು ನಿರ್ಮಾಪಕರನ್ನು. ಹೀಗಾಗಿ ಹಿನ್ನೆಲೆ ಸಂಗೀತ ಮತ್ತು ಧ್ವನಿ ವಿನ್ಯಾಸ ಎರಡನ್ನೂ ಒಬ್ಬರೇ ಮಾಡಿಕೊಟ್ಟು, ‘ಸೌಂಡ್ ವರ್ಕ್’ ಎಂಬ ಒಂದೇ ಸಾಲಿನ ಇನ್‌ವಾಯ್ಸ್ ಕಳಿಸಿದರೆ, ರಾಯಧನ ತರಬಲ್ಲ ಭಾಗ ಯಾವುದು, ಒಮ್ಮೆಗೇ ಪೂರ್ತಿ ದರ ಕೇಳಬೇಕಿದ್ದ ಭಾಗ ಯಾವುದು ಎಂಬುದು ಕಲಸಿಹೋಗುತ್ತದೆ. ಎರಡನ್ನೂ ಬೇರೆ ಸಾಲುಗಳಲ್ಲಿ, ಬೇರೆ ಲೆಕ್ಕದಲ್ಲಿ ಬರೆಯುವುದು ಒಳ್ಳೆಯದು.

ಸಂಗೀತದ ಭಾಗವನ್ನು 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್‌ನಲ್ಲಿ, ಅಂದರೆ ಸಂಯೋಜಕರು ಮತ್ತು ಗೀತರಚನಕಾರರ ಪರವಾಗಿ ರಾಯಧನ ಸಂಗ್ರಹಿಸಿ ಹಂಚುವ ಸಂಘದಲ್ಲಿ, ನೋಂದಾಯಿಸಬೇಕಾಗುತ್ತದೆ. ಜತೆಗೆ ಚಿತ್ರದಲ್ಲಿ ಯಾವ ತುಣುಕು ಎಲ್ಲಿ, ಎಷ್ಟು ಸೆಕೆಂಡು ಬಳಕೆಯಾಗಿದೆ ಎಂದು ದಾಖಲಿಸುವ ಕ್ಯೂ ಶೀಟ್ ಎಂಬ ಪಟ್ಟಿ ಸಿದ್ಧವಾಗಬೇಕು. ನುರಿತ ಸಂಗೀತಗಾರರೂ ಬೇಸರಪಟ್ಟು ಕೈಬಿಡುವ ಈ ಗುಮಾಸ್ತಗಿರಿಯನ್ನು ಐಟಿಯಿಂದ ಬಂದವರು ಮರುಮಾತಿಲ್ಲದೆ ಮಾಡಿ ಮುಗಿಸುತ್ತಾರೆ.